ಎರಡು ಲೀಟರ್ ನೀರು ಎಲ್ಲಿಗ್ ಹೋಗ್ಬೇಕು?

ಚವತಿಗೆ ಇನ್ನು ಹತ್ತೇ ದಿನ, ವಾಸ್ಕೋದಲ್ಲಿ ಮಳೆ ನಿಲ್ಲೋ ಲಕ್ಷಣ ಇಲ್ಲ, ಆದ್ರೂ ಗಣಪತಿ ಕೂರ್ಸೋ ರೂಮಿಗೆ ಬಣ್ಣ ಆಗ್ಲೇಬೇಕು ಅಂತ ಮನೇಲಿ ಹಠ. ಬಾಗಲಕೋಟೆ ಕಡೆಯ ಪೇಂಟರ್ ಕಾಕಾ ಬಂದ್ರು, 25 ವರ್ಷದಿಂದ ಗೋವಾದಲ್ಲೇ ಇದೇ ಕೆಲ್ಸ ಅವ್ರದ್ದು. ಈ ಸಲ ಕೈಯಲ್ಲಿ ಹೊಸಾ ಪವರ್ ರೋಲರ್ ಇತ್ತು. ಇದ್ರಿಂದ ಒಂದೇ ದಿನದಲ್ಲಿ ಎರಡೂ ಕೋಟ್ ಮುಗೀತು ಅಂದ್ಕೊಂಡೆ ನಾನು. ಕಾಕಾ ಏನೂ ಅನ್ನಲಿಲ್ಲ, ಕಿಟಕಿ ಆಚೆ ಮಳೆ ನೋಡಿದ್ರು ಅಷ್ಟೇ.

ಮಷೀನ್ ಸರಳವಾಗಿದೆ. ಪೇಂಟ್ ಡಬ್ಬಿಗೆ ಒಂದು ಪೈಪ್, ಮಧ್ಯದಲ್ಲಿ ಮೋಟರ್, ಹಿಡಿಕೆ ಮೇಲೆ ಬಟನ್. ಮೆತ್ತಗಿನ ಟ್ಯೂಬನ್ನ ಉರುಳೆಗಳು ಹಿಂಡ್ತಾ ಹಿಂಡ್ತಾ ಪೇಂಟನ್ನ ಮುಂದೆ ದೂಡ್ತವೆ, ಡಯಾಲಿಸಿಸ್ ಮಷೀನಲ್ಲಿ ರಕ್ತ ಸಾಗ್ಸೋ ಪಂಪ್ ಕೂಡ ಇದೇ ಜಾತಿದು, ಒಳಗಿರೋದು ಟ್ಯೂಬಿಗೆ ಬಿಟ್ಟು ಪಂಪಿನ ಬೇರೆ ಯಾವ ಭಾಗಕ್ಕೂ ತಾಗಲ್ಲ. ಪೇಂಟ್ ಹಿಡಿಕೆ ಒಳಗಿಂದ ರೋಲರಿನ ಹೊಟ್ಟೆಗೆ ಬಂದು ಅಲ್ಲಿರೋ ಸಣ್ಣ ತೂತುಗಳಿಂದ ಹೊರಗಿನ ತುಪ್ಪಳಕ್ಕೆ ಇಳಿಯುತ್ತೆ. ನಾನು ಹಿಡಿದ ತಕ್ಷಣ ಬಟನ್ ಒತ್ಕೊಂಡು ನಿಂತೆ, ನೆಲಕ್ಕೆ ತೊಟ್ಟಿಕ್ಕೋಕೆ ಶುರು. "ನಿಂತು ಒತ್ತಬ್ಯಾಡವಾ ತಂಗಿ, ಉರುಳಿಸ್ಕೋತನ ಒತ್ತಬೇಕು" ಅಂದ್ರು ಕಾಕಾ. ನಿಂತ ರೋಲರಲ್ಲಿ ಪೇಂಟೆಲ್ಲ ತನ್ನ ಭಾರಕ್ಕೆ ಕೆಳಗಿನ ಮಗ್ಗುಲಿಗೆ ಸೇರುತ್ತೆ, ತಿರುಗ್ತಾ ಇದ್ರೆ ಮಾತ್ರ ಸುತ್ತಲೂ ಸಮನಾಗಿ ಹರಡುತ್ತೆ.

ಉಳಿತಾಯ ಎಷ್ಟು ಅಂತ ತಿಳ್ಕೋಬೇಕು ಅನ್ನಿಸ್ತು. ಮಾಮೂಲಿ ರೋಲರನ್ನ ಒಣಗಿದ್ದಾಗ ಒಮ್ಮೆ, ಪೇಂಟಲ್ಲಿ ಅದ್ದಿದ ಮೇಲೆ ಒಮ್ಮೆ ಅಡಿಗೆಮನೆ ತೂಕದ ಮಷೀನಲ್ಲಿಟ್ಟು ನೋಡ್ದೆ, ಹೆಚ್ಚುಕಮ್ಮಿ 100 ಗ್ರಾಂ ವ್ಯತ್ಯಾಸ. ಎಮಲ್ಶನ್ ಪೇಂಟ್ ನೀರಿಗಿಂತ ಭಾರ, ಒಂದು ಲೀಟರ್ 1.3 ಕಿಲೋ ದಾಟುತ್ತೆ, ಹಾಗಾಗಿ ಒಂದು ಅದ್ದಿಗೆ 75 ಎಂಎಲ್ ಅಂತಿಟ್ಕೊಳಿ. ನಮ್ಮದು 10 ಅಡಿ ಉದ್ದ ಅಗಲ ಎತ್ತರದ ರೂಮು, ಬಾಗಿಲು ಕಿಟಕಿ ಬಿಟ್ರೆ ಸುಮಾರು 30 ಚದರ ಮೀಟರ್ ಗೋಡೆ. ಒಂದು ಕೋಟ್‌ಗೆ 3 ಲೀಟರ್, ಅಂದ್ರೆ ಗೋಡೆ ಮೇಲೆ ಬರೀ 0.1 ಮಿಲಿಮೀಟರ್ ದಪ್ಪದ ಹಸಿ ಪದರ. ಅಷ್ಟಕ್ಕೆ 40 ಸಲ ಬಗ್ಗಿ ಅದ್ದೋದು ತಪ್ಪುತ್ತೆ, ಕಾಕಾನ ವಯಸ್ಸಿನ ಸೊಂಟಕ್ಕೆ ಅದು ದೊಡ್ಡ ವಿಷಯ. ಬಗ್ಗಿ ಏಳೋ ಹೊತ್ತಲ್ಲಿ ಪಟ್ಟಿಯ ಅಂಚು ಒಣಗಿಬಿಟ್ರೆ ಮುಂದಿನ ಪಟ್ಟಿ ಅದರ ಮೇಲೆ ಹತ್ತಿ ಗೆರೆ ಬೀಳುತ್ತಲ್ಲ, ಅದೂ ಕಮ್ಮಿ ಆಗುತ್ತೆ.

ಆದ್ರೆ ಸಿಡಿಯೋದು ಮಾತ್ರ ಮಷೀನಿಂದ ನಿಲ್ಲಲ್ಲ, ಯಾಕಂದ್ರೆ ಅದು ಪೇಂಟಿನದೇ ಗುಣ. ಬೆಲ್ಲದ ಪಾಕ ಎಳೆ ಬಂತಾ ಅಂತ ಎರಡು ಬೆರಳ ನಡುವೆ ಎಳೆದು ನೋಡ್ತೀವಲ್ಲ, ರೋಲರ್ ಗೋಡೆಯಿಂದ ಏಳೋವಾಗ್ಲೂ ಅದೇ ನಡೆಯೋದು, ಪದರ ಎರಡಾಗಿ ಹರಿದು ನಡುವೆ ಸಾವಿರಾರು ಎಳೆ ಹುಟ್ತವೆ. ಎಳೆ ಎರಡು ಕಡೆ ತುಂಡಾದ್ರೆ ಮಧ್ಯದ ಚೂರು ಹನಿಯಾಗಿ ನಮ್ಮ ಮುಖಕ್ಕೆ. ಜೋರಾಗಿ ಉರುಳಿಸಿದಷ್ಟೂ ಜಾಸ್ತಿ. ಗೋಡೆ ಮೇಲೆ ಉಳಿದ ಎಳೆಯ ಬುಡಗಳೇ ಒಣಗಿ ಕಿತ್ತಳೆ ಸಿಪ್ಪೆ ಥರ ಕಾಣೋದು. ಅವು ಮಟ್ಟ ಆಗೋಷ್ಟು ಹೊತ್ತು ಪೇಂಟ್ ತೆಳ್ಳಗಿರಬೇಕು, ಆದ್ರೆ ಜಾರಬಾರ್ದು. ಅದಕ್ಕೇ ಅದರಲ್ಲಿ ಗಟ್ಟಿ ಮಾಡೋ ವಸ್ತು ಬೆರೆಸಿರ್ತಾರೆ. ಗಟ್ಟಿ ಮೊಸರು ಕಡೆದ್ರೆ ತೆಳ್ಳಗಾಗೋ ಹಾಗೆ ರೋಲರಿನ ಉಜ್ಜಾಟಕ್ಕೆ ಪೇಂಟ್ ಸಡಿಲ ಆಗುತ್ತೆ, ಮೊಸರು ಮತ್ತೆ ಮೊದಲಿನಷ್ಟು ಗಟ್ಟಿಯಾಗಲ್ಲ, ಪೇಂಟ್ ಆಗುತ್ತೆ. ಪಂಪಿಗೆ ಸಲೀಸಾಗ್ಲಿ ಅಂತ ಸಿಕ್ಕಾಪಟ್ಟೆ ನೀರು ಸುರಿದ್ರೆ ಈ ಗುಣವೇ ಹೋಗುತ್ತೆ. ಕಾಕಾ ಅಳತೆ ಮೀರಿ ನೀರು ಹಾಕಲಿಲ್ಲ, ಬದಲಿಗೆ ಹಳೆ ಧೋತ್ರದಲ್ಲಿ ಪೇಂಟನ್ನ ಸೋಸಿದ್ರು, ಒಣಗಿದ ಚೂರುಗಳು ತೂತಿಗೆ ಸಿಗಾಕೊಳ್ಳದ ಹಾಗೆ.

ಮೂಲೆಗಳ ಕಟಿಂಗ್, ಅಂದ್ರೆ ರೋಲರ್ ಮುಟ್ಟದ ಅಂಚಿಗೆ ಬಣ್ಣ ಹಚ್ಚೋದು, ಬ್ರಷ್‌ನಲ್ಲೇ, ಅದು ಬಿಟ್ರೆ ಮೊದಲನೇ ಕೋಟ್ ಮುಕ್ಕಾಲು ಗಂಟೇಲಿ ಮುಗೀತು. ಮಧ್ಯಾಹ್ನವೇ ಎರಡನೇದು ಹೊಡೀರಿ ಅಂದೆ. "ಇವತ್ತ ಆಗೂದಿಲ್ಲ" ಅಂದ್ರು. ನನಗೆ ಒಪ್ಪಿಗೆ ಆಗ್ಲಿಲ್ಲ, ರಾತ್ರಿ ಕೂತು ಲೆಕ್ಕ ಹಾಕ್ದೆ.

ಆ 3 ಲೀಟರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ, ಕಾಕಾ ಬೆರೆಸಿದ್ದೂ ಸೇರಿ 2 ಲೀಟರ್ ಅನ್ನಿ. ಸ್ವಲ್ಪ ಪುಟ್ಟಿ ಕುಡೀಬಹುದು, ಉಳಿದದ್ದು ಗಾಳಿಗೇ ಹೋಗ್ಬೇಕು. 28 ಡಿಗ್ರಿ ಬಿಸಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದ್ರೆ 27 ಗ್ರಾಂ ನೀರಾವಿ ಹಿಡಿಯುತ್ತೆ, ನಮ್ಮ ರೂಮಲ್ಲಿರೋದು 28 ಘನ ಮೀಟರ್, ಒಟ್ಟು 760 ಗ್ರಾಂ. ಆದ್ರೆ ಆಗಸ್ಟಿನ ಮಳೇಲಿ ತೇವಾಂಶ ಶೇಕಡಾ 90ರ ಆಸುಪಾಸು, ಅಂದ್ರೆ ಗಾಳಿ ಆಗ್ಲೇ ಹತ್ತರಲ್ಲಿ ಒಂಬತ್ತು ಪಾಲು ತುಂಬಿದೆ, ಖಾಲಿ ಇರೋ ಜಾಗ 76 ಗ್ರಾಮಿಗೆ! ರೂಮಿನ ಗಾಳಿ ಪೂರ್ತಿ 26 ಸಲ ಬದಲಾದ್ರೆ ಮಾತ್ರ ಆ 2 ಲೀಟರ್ ಹೊರಗೆ ಹೋಗೋದು, ಅದೂ ಪ್ರತಿ ಸಲದ ಗಾಳಿ ತುಂಬಿಕೊಂಡೇ ಹೋದ್ರೆ. ತೇವಾಂಶ 60 ಇರೋ ಚಳಿಗಾಲದ ದಿನ 7 ಸಲ ಸಾಕು. ಮಷೀನ್ ಮಾಡಿದ್ದು ಏನಂದ್ರೆ, ನಿಧಾನಕ್ಕೆ ಗೋಡೆ ಸೇರ್ತಿದ್ದ ಅಷ್ಟೂ ನೀರನ್ನ ಒಟ್ಟಿಗೇ ತಂದು ಹಚ್ಚಿದ್ದು.

ನೀರು ಹೋದ್ಮೇಲೇ ಅಸಲಿ ಕೆಲ್ಸ ಶುರು ಆಗೋದು. ಪೇಂಟಲ್ಲಿ ತೇಲ್ತಿರೋ ಅಕ್ರಿಲಿಕ್ ಕಣಗಳು ಒಂದು ಮೈಕ್ರಾನಿಗಿಂತ ಸಣ್ಣವು, ನೀರು ಆರ್ತಾ ಆರ್ತಾ ಒಂದಕ್ಕೊಂದು ಒತ್ತಿ, ಚಪ್ಪಟೆಯಾಗಿ, ಕೂಡಿ ಒಂದೇ ಪೊರೆ ಆಗ್ತವೆ. ಅದಕ್ಕೆ ಮುಂಚೆ ಇನ್ನೊಂದು ಹಸಿ ಕೋಟ್ ಎಳೆದ್ರೆ ಕೆಳಗಿನದು ರೋಲರಿಗೆ ಕಿತ್ಕೊಂಡು ಬರಬಹುದು. ತೇವದಲ್ಲಿ ತುಂಬಾ ನಿಧಾನವಾಗಿ ಒಣಗಿದ್ರೆ ಪೇಂಟಿನೊಳಗಿನ ಸೋಪಿನಂಥ ವಸ್ತು ಮೇಲೆ ಬಂದು ಅಂಟಂಟು ಪಟ್ಟೆ ಮೂಡೋದೂ ಉಂಟು.

ಕಾಕಾ ಎದುರುಬದುರು ಕಿಟಕಿ ತೆಗೆಸಿ ಫ್ಯಾನ್ ಹಾಕ್ಸಿದ್ರು. ಪೈಪ್ ತೊಳೆಯೋಕೆ ಅರ್ಧ ಗಂಟೆ ಹೋಯ್ತು, 5 ಮೀಟರ್ ಉದ್ದ, 8 ಮಿಲಿಮೀಟರ್ ಒಳಜಾಗ, ಅದರಲ್ಲೇ ಕಾಲು ಲೀಟರ್ ಪೇಂಟ್ ನಿಂತಿರುತ್ತೆ. ಒಂದೇ ರೂಮಿಗೆ ಈ ಮಷೀನ್ ಬೇಡ ಅಂತ್ಲೇ ನನ್ನ ಅಭಿಪ್ರಾಯ, ಇಡೀ ಮನೆಗಾದ್ರೆ ಸರಿ.

ಮಾರನೇ ದಿನ ಬೆಳಿಗ್ಗೆ ಕಾಕಾ ಕೈ ಹಿಂಬದಿಯನ್ನ ಗೋಡೆಗೆ ಹಚ್ಚಿದ್ರು, ಆಮೇಲೆ ಬಣ್ಣ ಆಗದ ಹಾಲ್‌ನ ಗೋಡೆಗೆ. "ನೋಡವಾ, ಇದು ಇನ್ನಾ ತಣ್ಣಗ ಐತಿ." ನೀರು ಆವಿ ಆಗೋವಾಗ ಗೋಡೆಯ ಶಾಖವನ್ನೇ ತಗೊಂಡು ಹೋಗುತ್ತಲ್ಲ, ಅದೇ ತಂಪು ಅದು. ಸಂಜೆ ನಾಲ್ಕಕ್ಕೆ ನಾನೇ ಮುಟ್ಟಿ ನೋಡ್ದೆ, ಎರಡೂ ಗೋಡೆ ಒಂದೇ ಥರ ಇದ್ವು. ಕಾಕಾನ ಕರೆದೆ.