ನಾಯಿ ಸಾಕುವುದಕ್ಕಾಗಿಯೇ ಸ್ವಂತ ಮನೆ ಕೊಳ್ಳಬಹುದೇ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ಬಾಡಿಗೆಗೆ ಇದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುವವರು. ನಾಯಿ ಸಾಕಬೇಕೆಂಬುದು ಬಹಳ ದಿನಗಳ ಆಸೆ, ಆದರೆ ಮನೆ ಮಾಲೀಕರು ಒಪ್ಪುತ್ತಿಲ್ಲ. ಸಾಲ ಮಾಡಿ ಮನೆ ಕೊಳ್ಳುವುದು ಸರಿಯೇ?

ಉತ್ತರ: ಇದನ್ನು ಹುಡುಗಾಟದ ಆಸೆಯೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಕ್ಕಳ ಶಾಲೆ ಹತ್ತಿರವಿರಲೆಂದು ಮನೆ ಕೊಳ್ಳುವವರಿರುವಾಗ ನಾಯಿಗಾಗಿ ಕೊಳ್ಳುವುದೂ ತಕ್ಕ ಕಾರಣವೇ. ಆದರೆ ನಾಯಿಯ ಆಯುಸ್ಸು ಸಾಮಾನ್ಯವಾಗಿ 10ರಿಂದ 15 ವರ್ಷ, ಗೃಹಸಾಲದ ಅವಧಿ ಬಹುತೇಕ 20 ವರ್ಷ. ಆದ್ದರಿಂದ ನಾಯಿ ಇಲ್ಲದಿದ್ದರೂ ಆ ಮನೆ ನಿಮಗೆ ಒಪ್ಪುವಂತಿರಬೇಕು.

ಮೊದಲು ಕೈಯಲ್ಲಿರುವ ಹಣವನ್ನು ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಮನೆಯ ಬೆಲೆಯ ಶೇ. 90ನ್ನು, ಅದಕ್ಕೂ ಮೇಲೆ 75 ಲಕ್ಷದವರೆಗಿನ ಸಾಲ ಶೇ. 80ನ್ನು ಮೀರುವಂತಿಲ್ಲ, ಮುದ್ರಾಂಕ ಮತ್ತು ನೋಂದಣಿ ಶುಲ್ಕಗಳಿಗೂ ಸಾಮಾನ್ಯವಾಗಿ ಸ್ವಂತ ಹಣವೇ ಬೇಕು. ಶೇ. 8.5ರ ಬಡ್ಡಿಯಲ್ಲಿ 25 ಲಕ್ಷವನ್ನು 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 21,700 ರೂಪಾಯಿ ಆಗುತ್ತದೆ, ಅದರಲ್ಲಿ ಮೊದಲ ತಿಂಗಳು ಸುಮಾರು 17,700 ಬಡ್ಡಿಗೇ ಹೋಗುತ್ತದೆ. ಎರಡು ಮೂರು ವರ್ಷಗಳಲ್ಲಿ ವರ್ಗಾವಣೆಯಾಗುವ ಸಂಭವವಿದ್ದರೆ ಈಗ ಕೊಳ್ಳಬೇಡಿ.

ಊರಂಚಿನ ಬಡಾವಣೆಗಳಲ್ಲಿ ಅಂಗಳ ದೊಡ್ಡದಿದೆಯೆಂದು ಮನಸೋಲುವ ಮುನ್ನ ಆ ಬಡಾವಣೆಗೆ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಧೂಡಾದ, ಅನುಮೋದನೆ ಇದೆಯೇ, ಖಾತೆ ಯಾರ ಹೆಸರಿನಲ್ಲಿದೆ, ಋಣಭಾರ ಪತ್ರ ಏನು ಹೇಳುತ್ತದೆ ಎಂಬುದನ್ನು ವಕೀಲರಿಂದ ನೋಡಿಸಿ. 30×40 ಸೈಟಿನ ಮನೆಯಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿಯುವುದು ಕೆಲವೇ ಅಡಿಗಳ ಓಣಿ. ನಮ್ಮ ಏಪ್ರಿಲ್ ಬಿಸಿಲಿಗೆ ಅಲ್ಲಿನ ಕಾಂಕ್ರೀಟ್ ನೆಲ ನಾಯಿಯ ಪಾದವನ್ನು ಸುಡುತ್ತದೆ. ಒಂದು ಹೊಂಗೆ ಮರದ ನೆರಳು, ಗೇಟಿನ ಸರಳುಗಳ ನಡುವೆ ಮರಿ ನುಸುಳದಷ್ಟು ಕಡಿಮೆ ಅಂತರ, ಬೆಳಗ್ಗೆ ಓಡಾಡಿಸಲು ವಾಹನ ಕಡಿಮೆಯಿರುವ ರಸ್ತೆ, ಇವು ದೊಡ್ಡ ಅಂಗಳಕ್ಕಿಂತ ಹೆಚ್ಚು ಉಪಯೋಗದವು. ಅಪಾರ್ಟ್‌ಮೆಂಟಿನ ಮನೆಯನ್ನೂ ಬಿಡಬೇಕಿಲ್ಲ. ನಿವಾಸಿಗಳ ಸಂಘ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಬಾಡಿಗೆ ಮನೆಯ ಮಾತು ಬೇರೆ, ಅಲ್ಲಿ ಮಾಲೀಕರೊಂದಿಗೆ ಮಾಡಿಕೊಂಡ ಕರಾರು ಮುಖ್ಯವಾಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮನೆಗಿಂತ ಹೆಚ್ಚು ಯೋಚನೆ ತಂದದ್ದು "ಇಬ್ಬರೂ ಕೆಲಸಕ್ಕೆ ಹೋಗುವವರು" ಎಂಬ ಮಾತು. ಮರಿಗೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಊಟ ಬೇಕು, ಗಂಟೆ ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು. ಸದಾ ಕಟ್ಟಿಹಾಕಿದ ನಾಯಿಗೆ ವ್ಯಾಯಾಮ ಕೊಡಿಸದಿರುವುದನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕ್ರೌರ್ಯವೆಂದೇ ಎಣಿಸುತ್ತದೆ, ಆ ನಾಯಿ ನಿಮ್ಮ ಸ್ವಂತ ಮನೆಯಲ್ಲಿದ್ದರೂ ಅಷ್ಟೇ. ಮಧ್ಯಾಹ್ನ ಬಂದು ನೋಡುವ ಅತ್ತೆಯೋ ಅಮ್ಮನೋ ನಂಬಿಕೆಯ ನೆರೆಯವರೋ ಇಲ್ಲದಿದ್ದರೆ, ಮರಿಯ ಬದಲು ಬೆಳೆದ ನಾಯಿಯನ್ನು ದತ್ತು ಪಡೆಯುವುದು ಉತ್ತಮ.

ಮುಂಗಡ ಹಣ ಇನ್ನೂ ಕೂಡಿಲ್ಲವಾದರೆ ನನ್ನ ಸಲಹೆ ಇದು: ನಾಯಿಗೆ ಒಪ್ಪುವ ಮಾಲೀಕರ ನೆಲಮಹಡಿಯ ಮನೆಯನ್ನು ಹುಡುಕಿ, ಆ ಒಪ್ಪಿಗೆಯನ್ನು ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. ಹಣ ಸಿದ್ಧವಿದ್ದು ಮನೆ ಕೊಂಡರೆ, ಹೋಮದ ಹೊಗೆ ಮತ್ತು ನೆಂಟರ ಗದ್ದಲದ ನಡುವೆ ಗೃಹಪ್ರವೇಶದ ದಿನವೇ ನಾಯಿಯನ್ನು ತರಬೇಡಿ. ಸಾಮಾನುಗಳೆಲ್ಲ ಜೋಡಣೆಯಾದ ಮೇಲೆ, ಇಬ್ಬರಲ್ಲಿ ಒಬ್ಬರಾದರೂ ಒಂದು ವಾರ ರಜೆ ಹಾಕಿ ಕರೆತನ್ನಿ.