ಉಣಕಲ್ ಎಲ್ಲಿಗೆ ಮುಗಿಯುತ್ತದೆ?

ಹುಬ್ಬಳ್ಳಿಯ ಉಣಕಲ್ ಕ್ರಾಸಿನ ಆಸುಪಾಸಿನಲ್ಲಿ ಮನೆ ಕಟ್ಟಿಕೊಂಡಿರುವ ಹಲವರಿಗೆ ಎರಡು ವಿಳಾಸಗಳಿವೆ. ಲಗ್ನಪತ್ರಿಕೆಯಲ್ಲಿ ‘ವಿದ್ಯಾನಗರ’ ಎಂದು ಅಚ್ಚಾಗಿರುತ್ತದೆ. ತಿಜೋರಿಯಲ್ಲಿಟ್ಟ ಖರೀದಿ ಪತ್ರವನ್ನು ಬಿಚ್ಚಿದರೆ ಮಾತ್ರ ‘ಮೌಜೆ ಉಣಕಲ್’, ಅಂದರೆ ಉಣಕಲ್ ಗ್ರಾಮ, ಎಂಬ ಒಕ್ಕಣೆ, ಹೊಲದ ಸರ್ವೆ ನಂಬರು, ಅದರ ಕೆಳಗೆ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪಕ್ಕದ ಪ್ಲಾಟು ಎನ್ನುವ ಚಕ್ಕುಬಂದಿ ಕಾಣಿಸುತ್ತದೆ. ಎರಡೂ ನಿಜವೇ. ಜೋಳ ಬೆಳೆಯುತ್ತಿದ್ದ ಕಾಲದ ಹೆಸರನ್ನು ಕಾಗದ ಕಾಪಾಡಿಕೊಂಡು ಬಂದಿದೆ, ಹೊಲ ಎನ್‌ಎ (ಕೃಷಿಯೇತರ ಜಮೀನು) ಆಗಿ ಪ್ಲಾಟು ಬಿದ್ದ ಮೇಲಿನ ಹೆಸರನ್ನು ಜನ ರೂಢಿಗೆ ತಂದಿದ್ದಾರೆ. ಇವೆರಡರ ನಡುವೆ ಉಣಕಲ್ ಎಂಬ ಊರು ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಹುಬ್ಬಳ್ಳಿ ಮೊದಲಿನಿಂದಲೂ ಒಂದೇ ಊರಾಗಿರಲಿಲ್ಲ. ಸವಣೂರು ನವಾಬರ ಆಳ್ವಿಕೆಯಲ್ಲಿ, 1727ರಲ್ಲಿ, ವ್ಯಾಪಾರಿ ಬಸಪ್ಪ ಶೆಟ್ಟರು ದುರ್ಗದ ಬೈಲಿನ ಸುತ್ತ ಹೊಸ ಪೇಟೆಯನ್ನು ಕಟ್ಟಿಸಿದ ಮೇಲೆ ಇದ್ದ ಊರು ‘ಹಳೇ ಹುಬ್ಬಳ್ಳಿ’ಯಾಯಿತು, ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಪೇಟೆಯ ಒಳಗೆ ಮೇದಾರ ಓಣಿ, ಕೌಲಪೇಟೆ, ಹಿರೇಪೇಟೆ ಎಂದು ಹೆಸರುಗಳು ಬೆಳೆದವು. ಅವುಗಳ ಎಲ್ಲೆ ಯಾವ ನಕಾಶೆಯಲ್ಲೂ ಇರಬೇಕಾದ ಅಗತ್ಯವಿರಲಿಲ್ಲ, ಏಕೆಂದರೆ ಯಾರ ಮನೆಯ ಮಣ್ಣಿಗೆ ಯಾರು ಹೋಗಬೇಕು, ಯಾವ ಕಾಮಣ್ಣನಿಗೆ ಯಾರು ಕಟ್ಟಿಗೆ ಕೊಡಬೇಕು ಎಂಬುದು ಓಣಿಯವರಿಗೆ ಗೊತ್ತಿತ್ತು.

ಉಣಕಲ್, ಹೊಸೂರು, ಗೋಕುಲ, ಭೈರಿದೇವರಕೊಪ್ಪಗಳ ಕಥೆ ಬೇರೆ. ಇವು ತಮ್ಮದೇ ಅಗಸಿ (ಊರ ಬಾಗಿಲು), ಗುಡಿ, ಶಿವಾರ (ಊರಿಗೆ ಸೇರಿದ ಹೊಲಗಳು) ಇದ್ದ ಹಳ್ಳಿಗಳು. ಉಣಕಲ್ಲಿನ ಚಂದ್ರಮೌಳೇಶ್ವರ ದೇವಸ್ಥಾನವಂತೂ ಚಾಲುಕ್ಯರ ಕಾಲದ್ದು, ಅಂದರೆ ಇಂದು ಈ ಹಳ್ಳಿಯನ್ನು ಸುತ್ತುವರಿದಿರುವ ಹೊಸ ನಗರಕ್ಕಿಂತ ನೂರಾರು ವರ್ಷ ಹಿರಿಯದು. 1947ರಲ್ಲಿ ಬಿವಿಬಿ ಎಂಜಿನಿಯರಿಂಗ್ ಕಾಲೇಜು, ಹತ್ತು ವರ್ಷಗಳ ಬಳಿಕ ಮೆಡಿಕಲ್ ಕಾಲೇಜು ಬಂದು, ಧಾರವಾಡದ ರಸ್ತೆಗುಂಟ ಬೆಳೆದ ಭಾಗ ವಿದ್ಯಾನಗರವೆನಿಸಿಕೊಂಡಿತು. 1962ರಲ್ಲಿ ಸುಮಾರು 20 ಕಿ.ಮೀ. ಅಂತರದ ಹುಬ್ಬಳ್ಳಿ, ಧಾರವಾಡ ನಗರಗಳನ್ನು ಒಂದೇ ಮಹಾನಗರ ಪಾಲಿಕೆಗೆ ಸೇರಿಸಿದ ಮೇಲೆ ನಡುವಿನ ಹಳ್ಳಿಗಳ ಶಿವಾರವೆಲ್ಲ ನಗರದ ಹೊಟ್ಟೆಯೊಳಗೆ ಬಂತು. ವಿದ್ಯಾನಗರ ಎಂಬ ಹೆಸರಿಗೆ ಬೆಲೆ ಇದ್ದುದರಿಂದ ಅದು ಉಣಕಲ್ಲಿನ ಹೊಲಗಳ ಮೇಲೂ ಹಬ್ಬಿತು. ಹಳ್ಳಿಯ ಹೆಸರು ಹೀಗೆ ಅಗಸಿಯ ಕಡೆಗೆ ಸರಿಯುತ್ತ ಹೋದದ್ದು ನನಗೆ ನೋವಿನ ಸಂಗತಿ.

ಹೆಸರೊಂದು ಎಲ್ಲೆಯಾಗಿ ಜನರನ್ನು ಕಾಡಿದ ಉದಾಹರಣೆಯೂ ಈ ಊರಿನಲ್ಲಿದೆ. ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆಯಡಿ ಕೆಲವು ಸಮುದಾಯಗಳನ್ನು ಕಾವಲಿನಲ್ಲಿ, ಹಾಜರಿ ಹಾಕಿಸಿ ಇರಿಸಿದ್ದ ಜಾಗಕ್ಕೆ ‘ಸೆಟ್ಲಮೆಂಟ್’ ಎಂದು ಹೆಸರಾಯಿತು. ಆ ಕಾಯ್ದೆ 1952ರಲ್ಲಿ ರದ್ದಾಯಿತು, ಅಲ್ಲಿನ ಬಡಾವಣೆ ಗಂಗಾಧರ ನಗರವಾಯಿತು. ಆದರೂ ಹೊರಗಿನವರ ಬಾಯಲ್ಲಿ ಹಳೆಯ ಮಾತೇ ಉಳಿದಿದೆ. ಒಂದು ಭಾಗವನ್ನು ಏನೆಂದು ಕರೆಯಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಅಲ್ಲಿ ಬಾಳುವವರಿಗೇ ಮೊದಲು ಸೇರಬೇಕೆಂದು ನಾನು ನಂಬುತ್ತೇನೆ.

ಈಚಿನ ಗೆರೆಗಳು ಬೇಗ ಬೇಗ ಬಿದ್ದಿವೆ. 2008ರ ಹೊತ್ತಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಅವಳಿನಗರದ ಕೆಲವೇ ಭಾಗಗಳಿಗೆ ದಿನದ 24 ತಾಸೂ ನೀರು ಬರತೊಡಗಿದಾಗ, ವಾಲ್ವ್‌ಮನ್ ಯಾವ ದಿನ ನೀರು ಬಿಡುತ್ತಾನೆಂದು ಕಾಯುವ ಓಣಿಗೂ ಕಾಯದ ಓಣಿಗೂ ನಡುವೆ ಹೊಸದೊಂದು ಗಡಿ ಹುಟ್ಟಿತು. 2018ರಲ್ಲಿ ಹುಬ್ಬಳ್ಳಿ-ಧಾರವಾಡ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ‘ಚಿಗರಿ’ ಬಸ್ಸುಗಳ ಓಡಾಟ ಆರಂಭವಾದ ಮೇಲೆ ‘ಉಣಕಲ್ ಕ್ರಾಸ್’, ‘ಉಣಕಲ್ ಕೆರೆ’ ಎಂಬ ನಿಲ್ದಾಣಗಳಿಂದಾಗಿ ಹಳ್ಳಿಯ ಹೆಸರು ಹೆದ್ದಾರಿಯ ಮೇಲೆ ಮತ್ತೆ ಉದ್ದಕ್ಕೆ ಹರಡಿಕೊಂಡಿತು. 2021ರ ಪಾಲಿಕೆ ಚುನಾವಣೆಗೆ 67 ವಾರ್ಡುಗಳು 82 ಆದವು. ಜನಸಂಖ್ಯೆಯನ್ನು ಸರಿದೂಗಿಸುವುದು ವಾರ್ಡು ವಿಂಗಡಣೆಯ ಮುಖ್ಯ ಲೆಕ್ಕ, ಓಣಿಯ ಒಡನಾಟ ಅದಕ್ಕೆ ಕಾಣುವುದಿಲ್ಲ. 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿದ್ದರಿಂದ, ಆರು ದಶಕಗಳ ಹಿಂದೆ ಅಳಿಸಿದ್ದ ಗೆರೆಯನ್ನು ಮತ್ತೆ ಎಳೆಯುವ ಕೆಲಸ ಎದುರಿಗೆ ಬಂದಿತು.

ಇವೆಲ್ಲಕ್ಕಿಂತ ಖಚಿತವಾದ ಎಲ್ಲೆಯನ್ನು ಗುರುತಿಸುವುದು ಗಣಪತಿಯ ಪಟ್ಟಿ ಎತ್ತುವ ಹುಡುಗರು ಎಂಬುದು ನನ್ನ ಅನುಭವ. ರಸೀದಿ ಪುಸ್ತಕ ಹಿಡಿದು ಅವರು ಯಾವ ಮನೆಯ ಕದ ತಟ್ಟುತ್ತಾರೋ ಅಲ್ಲಿಯವರೆಗೆ ಅವರ ಓಣಿ, ಮುಂದಿನ ಮನೆ ಬೇರೆ ಮಂಡಳಿಯವರದು. ಅಂಚಿನಲ್ಲಿರುವ ನಮ್ಮಂಥ ಮನೆಗಳಿಗೆ ಎರಡೂ ಕಡೆಯವರು ಬರುತ್ತಾರೆ. ಉಣಕಲ್ಲಿನ ಕಡೆಯಿಂದ ಬರುವವರು ಹಿರಿಯರ ಹೆಸರು ಹೇಳಿ ಕೇಳುತ್ತಾರೆ, ಬಡಾವಣೆಯವರು ಪ್ಲಾಟ್ ನಂಬರು ಬರೆದುಕೊಳ್ಳುತ್ತಾರೆ. ನಮ್ಮ ತಾಯಿ ಪ್ರತಿ ವರ್ಷ ಮೊದಲಿನವರಿಗೇ ಹೆಚ್ಚು ಕೊಟ್ಟು, ರಸೀದಿಯನ್ನು ದೇವರ ಜಗಲಿಯ ಮೇಲಿಡುತ್ತಾರೆ.