ವೂಫರ್‌ಗೆ ಮೊದಲು ಬಾಗಿಲು ನೋಡಿ

ಕಾರಿನ ಸೌಂಡ್ ಸಪ್ಪೆ ಅನ್ನಿಸಿದ ಕೂಡಲೇ ಡಿಕ್ಕಿಗೆ ಬೇಸ್ ಟ್ಯೂಬ್ (ಕೊಳವೆಯಂಥ ಡಬ್ಬದಲ್ಲಿ ಕೂರಿಸಿದ ವೂಫರ್, ಅಂದರೆ ಬೇಸ್ ಅನ್ನುವ ತಗ್ಗು ದನಿಗೆಂದೇ ಇರುವ ಸ್ಪೀಕರ್) ಹಾಕಿಸಲು ಹೊರಡಬೇಡಿ. ಅಂಗಡಿಗೆ ಬರುವ ಬಹಳ ಜನ ಕೇಳುವುದು ಅದನ್ನೇ. ಹಾಕಿಸಿದ ಮೇಲೆ ಹಿಂದುಗಡೆ ಧಡ್ ಧಡ್ ಅನ್ನುತ್ತದೆ, ಹಾಡುವವರ ದನಿ ಮಾತ್ರ ಮೊದಲಿನ ಹಾಗೇ ಮೂಗಿನಲ್ಲಿ ಬರುತ್ತಿರುತ್ತದೆ. ಕೆಲಸ ಶುರುವಾಗಬೇಕಿರುವುದು ಮುಂದಿನ ಎರಡು ಬಾಗಿಲುಗಳಿಂದ.

ಕಂಪನಿ ಸ್ಪೀಕರ್ ಸಾಮಾನ್ಯವಾಗಿ ಹಗುರ. ಪೇಪರ್ ಕೋನ್, ಪುಟ್ಟ ಮ್ಯಾಗ್ನೆಟ್. ಆದರೆ ತಪ್ಪೆಲ್ಲ ಅದರದ್ದೇ ಅಲ್ಲ. ಸ್ಪೀಕರ್ ಹಿಂದೆ ಒಂದು ಮುಚ್ಚಿದ ಡಬ್ಬ ಬೇಕು. ಕಾರಿನಲ್ಲಿ ಬಾಗಿಲೇ ಆ ಡಬ್ಬ. ಕೋನ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದುಗಡೆ ಅದರ ಉಲ್ಟಾ ಅಲೆ ಹುಟ್ಟುತ್ತದೆ. ಡೋರ್ ಪ್ಯಾಡ್ ಬಿಚ್ಚಿ ನೋಡಿದರೆ ಎಷ್ಟೋ ಕಾರುಗಳ ಒಳತಗಡಿನಲ್ಲಿ ಕೈ ತೂರುವಷ್ಟು ಕಿಂಡಿಗಳು. ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಹಿಂದಿನ ಅಲೆ ಅಲ್ಲಿಂದ ನುಸುಳಿ ಮುಂದಿನದನ್ನು ತಿಂದುಹಾಕುತ್ತದೆ. ಬೇಸ್ ಕಳೆದುಹೋಗುವುದು ಇಲ್ಲೇ.

ಅದಕ್ಕೇ ಡ್ಯಾಂಪಿಂಗ್, ಅಂದರೆ ತಗಡಿನ ನಡುಕ ತಗ್ಗಿಸಿ ಕಿಂಡಿ ಮುಚ್ಚುವ ಕೆಲಸ. ಮೊದಲು ಹೊರತಗಡಿನ ಒಳಮೈಗೆ ಬ್ಯೂಟೈಲ್ ಶೀಟ್ (ರಬ್ಬರಿನಂಥ ಅಂಟು ಹಾಳೆ) ಅಂಟಿಸಿ ರೋಲರ್‌ನಲ್ಲಿ ಒತ್ತಬೇಕು. ಆಮೇಲೆ ಒಳಗಿನ ಕಿಂಡಿಗಳನ್ನು ಮುಚ್ಚಬೇಕು. ಅಗ್ಗಕ್ಕೆ ಸಿಗುವ ಡಾಂಬರು ಶೀಟ್ ಬೇಡವೇ ಬೇಡ, ಬಿಸಿಲಿಗೆ ಮೆತ್ತಗಾಗಿ ವಾಸನೆ ಹೊಡೆಯುತ್ತದೆ. ಇನ್ನೊಂದು ಮಾತು: ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಹುಮ್ಮಸ್ಸಿನಲ್ಲಿ ಅವನ್ನೂ ಮುಚ್ಚಿದರೆ ಮುಗೀತು. ಮಲೆನಾಡು, ಕರಾವಳಿಯ ಮಳೆಗೆ ಬಾಗಿಲೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ.

ಈಗ ಸ್ಪೀಕರ್. ಎಲ್ಲರೂ ಕೇಳುವುದು ವ್ಯಾಟ್. ಸ್ಟೀರಿಯೊ ಮೇಲೆ 50 ವ್ಯಾಟ್ x 4 ಅಂತ ಬರೆದಿರುತ್ತಾರಲ್ಲ, ಅದು ಕ್ಷಣಕಾಲದ ಲೆಕ್ಕ. ನಿಜವಾಗಿ ಸಿಗುವುದು ಒಂದು ಸ್ಪೀಕರ್‌ಗೆ ಸುಮಾರು 15ರಿಂದ 20 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ಪವರ್. ಹಾಗಾಗಿ ಆಂಪ್ (ಪವರ್ ಹೆಚ್ಚಿಸುವ ಆಂಪ್ಲಿಫೈಯರ್) ಹಾಕುವ ಯೋಚನೆ ಇಲ್ಲದಿದ್ದರೆ ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಎಷ್ಟು ಜೋರು ಅನ್ನುವುದನ್ನು, ನೋಡಿ ಖರೀದಿಸಿ. 87 ಡೆಸಿಬಲ್‌ನ ಸ್ಪೀಕರ್‌ಗೆ 90 ಡೆಸಿಬಲ್‌ನದರಷ್ಟೇ ಕೂಗಲು ಎರಡರಷ್ಟು ಪವರ್ ಬೇಕು. ದುಬಾರಿ ಸ್ಪೀಕರ್ ತಂದು "ಹಳೇದೇ ಚೆನ್ನಾಗಿತ್ತು" ಅನ್ನುವವರು ಎಡವಿರುವುದು ಹೆಚ್ಚಾಗಿ ಇಲ್ಲೇ. ಮ್ಯಾಗ್ನೆಟ್ಟಿನ ಆಳವನ್ನೂ ಅಳೆಯಿರಿ, ಗ್ಲಾಸ್ ಇಳಿಸಿದಾಗ ತಾಗಬಾರದು.

ಕಂಪನಿಯ ಟಚ್ ಸ್ಕ್ರೀನ್ ಬದಲಿಸಲು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಈಗಿನ ಕಾರುಗಳಲ್ಲಿ ರಿವರ್ಸ್ ಕ್ಯಾಮೆರಾ, ಸ್ಟೀರಿಂಗ್ ಬಟನ್ ಎಲ್ಲ ಅದಕ್ಕೇ ಜೋಡಿಸಿರುತ್ತವೆ. ಅದರ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಆಂಪ್‌ಗಳಿವೆ. ಒಂದೂ ವೈರ್ ಕತ್ತರಿಸದೆ ಕಪ್ಲರ್ (ಜೋಡಿಸುವ ಪ್ಲಗ್) ಹಾಕಿ ಮಾಡಿಸಿ, ವಾರಂಟಿ ತಕರಾರೂ ಕಡಿಮೆ.

ವೂಫರ್ ಸರದಿ ಇದಾದ ಮೇಲೆ. ಕುಟುಂಬದ ಕಾರಿಗೆ ಸೀಟಿನ ಕೆಳಗೆ ಕೂರುವ 8 ಇಂಚಿನದು ಸಾಕು, ಲಗೇಜಿನ ಜಾಗ ಹೋಗುವುದಿಲ್ಲ. ಇನ್ನೂ ಬೇಕು ಅನ್ನುವವರಿಗೆ ಸೀಲ್ಡ್, ಅಂದರೆ ಪೂರ್ತಿ ಮುಚ್ಚಿದ ಬಾಕ್ಸ್‌ನಲ್ಲಿ 10 ಇಂಚು. ಗಾಳಿಗೆ ತೂತಿರುವ ಪೋರ್ಟೆಡ್ ಬಾಕ್ಸ್ ಜೋರು ನಿಜ, ಆದರೆ ತಬಲಾ, ಮೃದಂಗದ ಪೆಟ್ಟು ಸೀಲ್ಡ್‌ನಲ್ಲೇ ಬಿಗಿಯಾಗಿ ಕೇಳುತ್ತದೆ ಅನ್ನುವುದು ನನ್ನ ಕಿವಿಯ ಅಭಿಪ್ರಾಯ.

ಹಣ ಉಳಿಸಲೇಬಾರದ ಜಾಗ ವೈರಿಂಗ್. ಲೆಕ್ಕ ಹಾಕಿ: 500 ವ್ಯಾಟ್ ಆರ್‌ಎಂಎಸ್ ಕೊಡುವ ಕ್ಲಾಸ್ ಡಿ (ಕರೆಂಟು ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ಪೂರ್ತಿ ದುಡಿದರೆ, 80 ಶೇಕಡಾ ದಕ್ಷತೆ ಹಿಡಿದರೂ, ಬ್ಯಾಟರಿಯಿಂದ ಸುಮಾರು 45 ಆಂಪಿಯರ್ ಎಳೆಯುತ್ತದೆ. ಇದಕ್ಕೆ ನಾನು ಹಾಕುವುದು 4 ಗೇಜ್‌ನ ಶುದ್ಧ ತಾಮ್ರದ ವೈರ್ (ಗೇಜ್ ಸಂಖ್ಯೆ ಕಡಿಮೆಯಾದಷ್ಟು ವೈರ್ ದಪ್ಪ). ಅಗ್ಗದ ಕಿಟ್‌ಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಇರುತ್ತದೆ. ತುದಿ ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಇರಲೇಬೇಕು. ಅದು ಇರುವುದು ಆಂಪ್ ಉಳಿಸಲು ಅಲ್ಲ, ವೈರ್ ಎಲ್ಲೋ ಕಾರಿನ ತಗಡಿಗೆ ತಾಗಿದಾಗ ಬೆಂಕಿ ಹತ್ತದಿರಲಿ ಅಂತ. ಇಂಜಿನ್ ಕಡೆಯಿಂದ ಒಳಗೆ ಬರುವ ತೂತಿಗೆ ರಬ್ಬರ್ ಗ್ರಾಮೆಟ್ (ವೈರ್ ತಗಡಿಗೆ ಉಜ್ಜದಂತೆ ತಡೆಯುವ ಬಳೆ) ಹಾಕಿಸಿ. ಅರ್ತ್ ಕೊಡುವ ಕಡೆ ಪೇಂಟ್ ಕೆರೆದು ತಗಡು ಕಾಣಬೇಕು. ಆಕ್ಸಿಲರೇಟರ್ ಒತ್ತಿದಂತೆ ಕುಂಯ್ ಅಂತ ಸದ್ದು ಏರಿದರೆ ಮೊದಲು ನೋಡಬೇಕಾದದ್ದು ಈ ಅರ್ತನ್ನೇ.

ಕೊನೆಗೆ ಟ್ಯೂನಿಂಗ್. ಬಾಗಿಲಿನ ಸ್ಪೀಕರ್‌ಗೆ 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ದನಿ ಹೋಗದಂತೆ ತಡೆಯಿರಿ, ವೂಫರ್‌ಗೆ ಅದಕ್ಕಿಂತ ಮೇಲಿನದು ಬೇಡ. ಆಂಪ್ ಮೇಲಿರುವ ಗೇನ್ ಅಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೊದಿಂದ ಬರುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು. ಅದನ್ನು ಸುಮ್ನೆ ಪೂರ್ತಿ ತಿರುಗಿಸಿದರೆ ಸಿಗ್ನಲ್ಲಿನ ಅಲೆಯ ತುದಿ ಚಪ್ಪಟೆಯಾಗಿ ಟ್ವೀಟರ್ (ಕೀಚು ದನಿಯ ಪುಟ್ಟ ಸ್ಪೀಕರ್) ಸುಟ್ಟುಹೋಗುತ್ತದೆ. ವೂಫರಿನ ಅಲೆಯನ್ನು ಉಲ್ಟಾ ಮಾಡುವ ಫೇಸ್ ಸ್ವಿಚ್ಚನ್ನು ಒಮ್ಮೆ 0, ಒಮ್ಮೆ 180ರಲ್ಲಿಟ್ಟು, ಡ್ರೈವರ್ ಸೀಟಿನಲ್ಲಿ ಕೂತು ಕೇಳಿ. ಬೇಸ್ ಯಾವುದರಲ್ಲಿ ತುಂಬಿ ಬರುತ್ತದೋ ಅದನ್ನೇ ಇಡಿ.

ಬಿಲ್ ಜೋಪಾನ. ವಿಮೆ ಪಾಲಿಸಿಯಲ್ಲಿ ಈ ಸಾಮಾನು ಬರೆಸದಿದ್ದರೆ ಕಳ್ಳತನವಾದಾಗ ಇದರ ದುಡ್ಡು ಬರುವುದಿಲ್ಲ. ಬಿಚ್ಚಿದ ಕಂಪನಿ ಸ್ಪೀಕರ್‌ಗಳನ್ನೂ ಕೇಳಿ ಮನೆಗೆ ಒಯ್ಯಿರಿ. ಕಾರು ಮಾರುವಾಗ ಒಳ್ಳೆ ಸೌಂಡಿಗೆ ಜಾಸ್ತಿ ದುಡ್ಡು ಕೊಡುವವರು ಅಪರೂಪ. ಆಗ ಹಳೆಯದನ್ನು ಕೂರಿಸಿ, ನಿಮ್ಮದನ್ನು ಮುಂದಿನ ಕಾರಿಗೆ ಹಾಕಿಸಿಕೊಳ್ಳಬಹುದು.